ಪ್ರಶ್ನೆ ಮೊದಲು, ಚೂರು ಆಮೇಲೆ

ಮಗೂ,

ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ನೀನು ಹಳೆಯ ಕಟ್ಟಡಗಳ ಸಂರಕ್ಷಣೆಯ ಕೆಲಸಕ್ಕೆ ಸೇರುತ್ತಿದ್ದೀಯ, ತರಬೇತಿಗೆಂದು ಜಪಾನಿನ ನಿಕ್ಕೋಗೆ ಹೊರಟಿದ್ದೀಯ ಎಂದು ಕೇಳಿ ತುಂಬ ಸಂತೋಷವಾಯಿತು. ಔಷಧ ಕಂಪನಿಗಳು ಕೈಬೀಸಿ ಕರೆಯುವ ಕಾಲದಲ್ಲಿ ಗುಡಿಯ ಹಳೆಯ ಬಣ್ಣದ ಪದರ ಓದುವ ಕೆಲಸವನ್ನು ಆರಿಸಿಕೊಳ್ಳಲು ಗಟ್ಟಿ ಮನಸ್ಸು ಬೇಕು. ಯಂತ್ರ ನಡೆಸುವುದನ್ನು ಅಲ್ಲಿ ಚೆನ್ನಾಗಿ ಕಲಿಸುತ್ತಾರೆ. ಯಂತ್ರದ ಮುಂದೆ ಕೂರುವ ಮೊದಲು ಮನಸ್ಸಿನಲ್ಲಿ ಏನಿರಬೇಕು ಎಂಬುದನ್ನು ಹಿರಿಯನ ಸಲಿಗೆಯಿಂದ ನಾನು ಹೇಳುತ್ತೇನೆ. ಎಲ್ಲದರ ಸಾರ ಒಂದೇ: ಪ್ರಶ್ನೆ ಮೊದಲು, ಚೂರು ಆಮೇಲೆ.

ನೀನು ಕಂಬದಿಂದಲೋ ಬಾಗಿಲಿನಿಂದಲೋ ತೆಗೆಯುವ ಮಾದರಿ ಅರ್ಧ ಮಿಲಿಮೀಟರಿನಷ್ಟೇ ಇರಬಹುದು. ಬರಿಗಣ್ಣಿಗೆ ಅದು ಧೂಳಿನ ಕಣ. ಆದರೆ ಅದು ಇದ್ದ ಜಾಗದಲ್ಲಿ ಮುನ್ನೂರು ವರ್ಷದ ಸಾಕ್ಷ್ಯವೊಂದು ಇಲ್ಲವಾಗುತ್ತದೆ, ವಾಪಸು ಅಂಟಿಸಲು ಬರುವುದಿಲ್ಲ. ಆದ್ದರಿಂದ ಚೂರಿ ಕೈಗೆತ್ತಿಕೊಳ್ಳುವ ಮೊದಲು ಕಾಗದದ ಮೇಲೆ ಬರೆ: ಈ ಚೂರಿನಿಂದ ನನಗೆ ತಿಳಿಯಬೇಕಾದದ್ದೇನು? ಅದರ ಕೆಳಗೆ ಇನ್ನೊಂದು ಸಾಲು: ತಿಳಿದ ಮೇಲೆ ದುರಸ್ತಿಯಲ್ಲಿ ಏನು ಬದಲಾಗುತ್ತದೆ? ಎರಡನೆಯದಕ್ಕೆ ‘ಏನೂ ಇಲ್ಲ’ ಎಂದು ಉತ್ತರ ಬಂದರೆ ಚೂರಿ ಕೆಳಗಿಡು. ಪ್ರಬಂಧಕ್ಕೆ ಇನ್ನೊಂದು ಚಿತ್ರ ಬೇಕು, ಹೊಸದಾಗಿ ಕೊಂಡ ಯಂತ್ರಕ್ಕೆ ಕೆಲಸ ಬೇಕು ಎಂಬ ಕಾರಣಕ್ಕೆ ಗುಡಿಯನ್ನು ಕೆರೆಯುವವರೂ ಇದ್ದಾರೆ. ನೀನು ಆ ಸಾಲಿಗೆ ಸೇರಬೇಡ.

ನಿಕ್ಕೋದ ತೋಶೋಗು ಗುಡಿ ಇದನ್ನು ಕಲಿಯಲು ಹೇಳಿ ಮಾಡಿಸಿದ ಜಾಗ. ಜಪಾನನ್ನು ಆಳಿದ ತೊಕುಗಾವಾ ಇಯೆಯಾಸು ತೀರಿಕೊಂಡದ್ದು 1616ರಲ್ಲಿ. ಮರುವರ್ಷವೇ ಅಲ್ಲಿ ಅವನ ಗುಡಿ ಎದ್ದಿತು. ಈಗ ಕಾಣುವ ಬಹುಪಾಲು ಕಟ್ಟಡಗಳು ಅವನ ಮೊಮ್ಮಗ ಇಯೆಮಿತ್ಸು 1636ರಲ್ಲಿ ಪೂರ್ತಿ ಮಾಡಿಸಿದವು. 1999ರಲ್ಲಿ ನಿಕ್ಕೋದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಲೆಕ್ಕಕ್ಕೆ ಬಂದ ಕಟ್ಟಡಗಳು 103. ಯೋಮೆಯ್‌ಮೋನ್ ಎಂಬ ಹೆಬ್ಬಾಗಿಲು ಒಂದರಲ್ಲೇ 508 ಕೆತ್ತನೆಗಳಿವೆ. ಬರೀ ಮರಕ್ಕೆ ಬಣ್ಣ ಬಳಿದ ಕೆಲಸ ಅದಲ್ಲ. ಮರದ ಮೇಲೆ ಗಾರೆ, ಗಾರೆಯ ಮೇಲೆ ಉರುಷಿ ಎಂಬ ಮರದ ಸೊನೆಯ ಲೇಪ, ಉರುಷಿಯ ಮೇಲೆ ಚಿನ್ನದ ರೇಕು, ಕೆಲವು ಕಡೆ ಆ ಚಿನ್ನದ ಮೇಲೂ ಸರೇಸಿನಲ್ಲಿ ಕಲಸಿದ ಬಣ್ಣ. ಮಂಜು, ಮಳೆ, ಹಿಮ ಬಿಡದೆ ಕಾಡುವ ಬೆಟ್ಟದ ಊರಾದ್ದರಿಂದ ಮೊದಲ ದಿನದಿಂದಲೂ ಅಲ್ಲಿ ದುರಸ್ತಿ ತಪ್ಪಿದ್ದಲ್ಲ. ಒಂದೊಂದು ತಲೆಮಾರೂ ತನ್ನ ಪದರವನ್ನು ಬಿಟ್ಟುಹೋಗಿದೆ.

ಅದೇ ಹೆಬ್ಬಾಗಿಲಿಗೆ 2013ರಿಂದ 2017ರವರೆಗೆ ದೊಡ್ಡ ದುರಸ್ತಿ ನಡೆಯಿತು. ಪಕ್ಕದ ಗೋಡೆಯಲ್ಲಿದ್ದ ಪಿಯೋನಿ ಹೂವಿನ ಕೆತ್ತನೆಯ ಹಲಗೆಯನ್ನು ತೆಗೆದಾಗ ಅದರ ಹಿಂದೆ ಪೈನ್ ಮರ, ಗೂಡಿನಲ್ಲಿ ಕೂತ ಕೊಕ್ಕರೆಯ ಚಿತ್ರ ಕಾಣಿಸಿತು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಬೆಳಕು ಕಂಡಿರಲಿಲ್ಲ. ಆ ಹಲಗೆ ಕೂರಿಸಿದವರು ಹಿಂದಿದ್ದ ಚಿತ್ರವನ್ನು ಕೆರೆದುಹಾಕಲಿಲ್ಲ, ಮುಚ್ಚಿಟ್ಟರು. ಮುಚ್ಚಿದ್ದರಿಂದಲೇ ನಮಗೆ ಉಳಿಯಿತು. ಕಣ್ಣಿಗೆ ಕಾಣುವುದೇ ಮೊದಲಿನದು ಎಂದುಕೊಳ್ಳಬೇಡ, ಕಾಣದ್ದೆಲ್ಲ ಹೋಗಿಬಿಟ್ಟಿದೆ ಎಂದೂ ತೀರ್ಮಾನಿಸಬೇಡ. ಲೋಹದ ಅಲಂಕಾರದ ಪಟ್ಟಿಗಳ ಅಡಿ, ಕೀಲುಗಳ ಸಂದು, ಜಂತಿಯ ಮರೆ, ಇಲ್ಲೆಲ್ಲ ಹಳೆಯ ಬಣ್ಣ ಬಿಸಿಲು ತಾಗದೆ ಉಳಿದಿರುತ್ತದೆ. ಮಾದರಿ ತೆಗೆಯಲೇಬೇಕಾದಾಗ ಇಂಥ ಜಾಗಗಳನ್ನು, ಅದರಲ್ಲೂ ಈಗಾಗಲೇ ಬಣ್ಣ ಎದ್ದಿರುವ ಅಂಚನ್ನು ನೋಡಿ ತೆಗೆ. ಗಟ್ಟಿಯಾಗಿ ಕೂತಿರುವ ನಡುಭಾಗಕ್ಕೆ ಕೈ ಹಾಕಬೇಡ.

ಈಗ ಉರುಷಿಯ ಗುಣ ತಿಳಿದುಕೋ. ನಮ್ಮ ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗು ಕೀಟದಿಂದ ಬರುವುದು. ಅದು ಬಿಸಿಗೆ ಮೆತ್ತಗಾಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಉರುಷಿ ಮರದ ಸೊನೆ. ಆ ಮರ ನಮ್ಮ ಗೇರು, ಮಾವು, ಕರಿಗೇರುಗಳ ಕುಟುಂಬದ್ದೇ. ಸೊನೆಯಲ್ಲಿರುವ ಮುಖ್ಯ ವಸ್ತು ಉರುಷಿಯಾಲ್. ಅದನ್ನು ಗಟ್ಟಿ ಮಾಡುವುದು ಸೊನೆಯಲ್ಲೇ ಇರುವ ಒಂದು ಕಿಣ್ವ. ಯೋಶಿದಾ ಹಿಕೊರೊಕುರೊ ಎಂಬ ವಿಜ್ಞಾನಿ ಅದರ ಕೆಲಸವನ್ನು 1883ರಲ್ಲೇ ವಿವರಿಸಿದ. ಈಗ ಅದಕ್ಕೆ ಲ್ಯಾಕೇಸ್ ಎಂಬ ಹೆಸರು. ಉರುಷಿಯಾಲಿನ ರಚನೆಯನ್ನು ಬಿಡಿಸಿ ತೋರಿಸಿದವನು ಮಜಿಮಾ ರಿಕೊ. ಒಗೆದ ಬಟ್ಟೆ ಬಿಸಿಲಿಗೆ ಒಣಗಿದ ಹಾಗೆ ಉರುಷಿ ಒಣಗುವುದಿಲ್ಲ. ಅದಕ್ಕೆ ಗಾಳಿಯಲ್ಲಿ ಶೇ. 70ರಿಂದ 85ರಷ್ಟು ತೇವ ಬೇಕು, 20ರಿಂದ 30 ಡಿಗ್ರಿ ಶಾಖ ಬೇಕು. ಆಗ ಕಿಣ್ವ ಗಾಳಿಯ ಆಮ್ಲಜನಕ ಹಿಡಿದು ಅಣುಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಹೀಗೆ ಒಮ್ಮೆ ಹೆಣೆದುಕೊಂಡರೆ ಸಾಮಾನ್ಯ ದ್ರಾವಕಗಳಿಗೆ ಬಗ್ಗದು.

ಇಷ್ಟು ಗಟ್ಟಿಯಾದ ಉರುಷಿಗೂ ಒಂದು ಶತ್ರು ಇದೆ, ಬಿಸಿಲಿನ ನೇರಳಾತೀತ ಕಿರಣ. ಹೊರಗಿನ ಕಂಬದ ಉರುಷಿ ಮೊದಲು ಹೊಳಪು ಕಳೆದುಕೊಳ್ಳುತ್ತದೆ, ಆಮೇಲೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಕೊನೆಗೆ ಪುಡಿ ಏಳುತ್ತದೆ. ಬಿಸಿಲು ತಿಂದ ಉರುಷಿ ಹೊಸತರ ಹಾಗೆ ಅಲ್ಲ, ನೀರಿಗೂ ದ್ರಾವಕಕ್ಕೂ ಹಾಳಾಗುತ್ತದೆ. ಆದ್ದರಿಂದ ‘ಉರುಷಿ ತಾನೆ, ಏನೂ ಆಗಲ್ಲ’ ಎಂದು ಒದ್ದೆ ಹತ್ತಿಯಿಂದ ಒರೆಸಲು ಹೊರಡಬೇಡ. ಮೊದಲು ಮೂಲೆಯಲ್ಲಿ, ಸಾಸಿವೆಯಷ್ಟು ಜಾಗದಲ್ಲಿ ಪರೀಕ್ಷಿಸು.

ಮುಟ್ಟದೆ ನೋಡುವ ವಿಧಾನಗಳೆಲ್ಲ ಮುಗಿದ ಮೇಲೆಯೇ ಮುಟ್ಟುವುದು. ಓರೆಬೆಳಕು ಬಿಟ್ಟು ನೋಡು, ಮುಚ್ಚಿಹೋದ ಕುಂಚದ ಗೆರೆ, ಎದ್ದ ಅಂಚು ಕಾಣುತ್ತವೆ. ನೇರಳಾತೀತ ಬೆಳಕಿನಲ್ಲಿ ನೋಡು, ಅರಗು ಕಿತ್ತಳೆಯಾಗಿ ಹೊಳೆದು ಆಮೇಲಿನ ಕಾಲದ ತೇಪೆಯನ್ನು ತೋರಿಸಿಕೊಡಬಹುದು. ಕೈಯಲ್ಲಿ ಹಿಡಿಯುವ, ಕ್ಷಕಿರಣ ಬಿಟ್ಟು ನೋಡುವ ಎಕ್ಸ್‌ಆರ್‌ಎಫ್ ಯಂತ್ರ ಒಂದೆರಡು ನಿಮಿಷದಲ್ಲಿ ಯಾವ ಯಾವ ಧಾತುಗಳಿವೆ ಎಂದು ಹೇಳಿಬಿಡುತ್ತದೆ. ಪಾದರಸ ಕಂಡರೆ ಇಂಗಳೀಕ, ಸೀಸ ಕಂಡರೆ ಸಿಂಧೂರ, ಕಬ್ಬಿಣ ಕಂಡರೆ ಕಾವಿ, ತಾಮ್ರ ಕಂಡರೆ ಹಸಿರು ಅಥವಾ ನೀಲಿ ಖನಿಜ ಎಂದು ಊಹಿಸಬಹುದು. ಆದರೆ ಇದು ಊಹೆ. ಆ ಯಂತ್ರಕ್ಕೆ ಧಾತು ಕಾಣುತ್ತದೆ, ಅದು ಯಾವ ಸಂಯುಕ್ತದಲ್ಲಿದೆ ಎಂಬುದು ಕಾಣುವುದಿಲ್ಲ. ಕಿರಣ ಮೇಲಿನ ಪದರವನ್ನು ದಾಟಿ ಕೆಳಗೂ ಇಳಿಯುತ್ತದೆ, ಹಾಗಾಗಿ ಪರದೆಯ ಮೇಲೆ ಬಂದ ಸೀಸ ಮೂರು ಪದರ ಕೆಳಗಿನದೂ ಆಗಿರಬಹುದು. ನೀಲಿ ಗಿಡದಿಂದ ಬಂದ ಬಣ್ಣ, ಸರೇಸು, ಉರುಷಿ ಇವು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಯಂತ್ರ ಏನನ್ನು ನೋಡಲಾರದು ಎಂಬುದನ್ನು ಪ್ರತಿ ಯಂತ್ರಕ್ಕೂ ಒಂದು ಪಟ್ಟಿ ಮಾಡಿ ನಿನ್ನ ಮೇಜಿನ ಎದುರು ಅಂಟಿಸಿಕೋ.

ಅಷ್ಟಾದ ಮೇಲೂ ಪ್ರಶ್ನೆ ಉಳಿದರೆ ಚೂರು ತೆಗೆ. ಅದನ್ನು ರಾಳದಲ್ಲಿ ಹುದುಗಿಸಿ, ಪದರಗಳು ಸಾಲಾಗಿ ಕಾಣುವ ಹಾಗೆ ಸಾಣೆ ಹಿಡಿದು, ಸೂಕ್ಷ್ಮದರ್ಶಕದ ಕೆಳಗಿಡು. ಈ ಅಡ್ಡಕೊಯ್ತದ ಮುಂದೆ ಎಷ್ಟು ಹೊತ್ತು ಕೂತರೂ ಕಡಿಮೆಯೇ. ಉರುಷಿಯ ಒಂದು ಲೇಪ ಸಾಮಾನ್ಯವಾಗಿ ಹತ್ತಾರು ಮೈಕ್ರಾನ್ ದಪ್ಪ, ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ಹೊಸಬರು ಮಾಡುವ ಮೊದಲ ಕೆಲಸ ಪದರ ಎಣಿಸುವುದು. ‘ಒಂಬತ್ತು ಪದರ ಇದೆ, ಒಂಬತ್ತು ಸಲ ದುರಸ್ತಿಯಾಗಿದೆ’ ಎಂದು ಬರೆದುಬಿಡುತ್ತಾರೆ. ಹಾಗಲ್ಲ. ಒಂದೇ ಸಲದ ಕೆಲಸದಲ್ಲೂ ಗಾರೆ, ಅದರ ಮೇಲೆ ನಡುಲೇಪ, ಮೇಲುಲೇಪ ಎಂದು ಹಲವು ಪದರ ಬೀಳುತ್ತವೆ. ಪದರಕ್ಕಿಂತ ಪದರದ ನಡುವಿನ ಗೆರೆಯನ್ನು ನೋಡು. ಗೆರೆಯಲ್ಲಿ ಧೂಳು, ಹೊಗೆಯ ಕಪ್ಪು ಕೂತಿದ್ದರೆ ಆ ಮೇಲ್ಮೈ ವರ್ಷಗಟ್ಟಲೆ ಗಾಳಿಗೆ ತೆರೆದುಕೊಂಡಿತ್ತು ಎಂದರ್ಥ. ಗೆರೆ ಸ್ವಚ್ಛವಾಗಿದ್ದರೆ ಎರಡೂ ಒಂದೇ ಸಲದವು ಎಂದು ಬಗೆಯಬಹುದು. ಆದರೆ ಹೊಸ ಲೇಪಕ್ಕೆ ಮುಂಚೆ ಹಳೆಯದನ್ನು ಉಜ್ಜಿ ನಯ ಮಾಡುವ ರೂಢಿಯೂ ಇದೆ, ಆಗ ಧೂಳು ಹೊರಟುಹೋಗಿರುತ್ತದೆ. ಆದ್ದರಿಂದ ಒಂದೇ ಚೂರು ನಂಬಿ ಗುಡಿಯ ಇತಿಹಾಸ ಬರೆಯಬೇಡ. ಮಳೆ ಬೀಳುವ ಕಡೆಯದು, ನೆರಳಿನ ಕಡೆಯದು, ಪಟ್ಟಿಯ ಅಡಿಯದು, ಇವನ್ನು ಪಕ್ಕಪಕ್ಕ ಇಟ್ಟು ಓದು.

ಪದರದ ಕಾಲ ಹೇಳಲು ಬಣ್ಣದ ಪುಡಿಗಳು ಒಳ್ಳೆಯ ಸಹಾಯ ಮಾಡುತ್ತವೆ. ಪ್ರಷ್ಯನ್ ನೀಲಿ ಬರ್ಲಿನ್ನಿನಲ್ಲಿ ಹುಟ್ಟಿದ್ದೇ 1706ರ ಆಸುಪಾಸಿನಲ್ಲಿ. ಅದು ಕಂಡ ಪದರ 1636ರದು ಆಗಿರಲು ಸಾಧ್ಯವೇ ಇಲ್ಲ. ಕೃತಕ ಅಲ್ಟ್ರಾಮರೀನ್ ನೀಲಿ ಬಂದದ್ದು 1820ರ ದಶಕದ ಕೊನೆಗೆ. ಟೈಟಾನಿಯಂ ಬಿಳಿ ಇದ್ದರೆ ಆ ಪದರವೂ ಅದರ ಮೇಲಿನವೂ 20ನೇ ಶತಮಾನದವು ಇಲ್ಲವೇ ಅದರ ಆಮೇಲಿನವು. ಇಲ್ಲಿ ಒಂದು ಎಚ್ಚರ ಬೇಕು. ಇಂಥ ಬಣ್ಣ ‘ಇದಕ್ಕಿಂತ ಹಳೆಯದಲ್ಲ’ ಎಂದು ಮಾತ್ರ ಹೇಳಬಲ್ಲದು, ‘ಇದೇ ವರ್ಷದ್ದು’ ಎಂದು ಹೇಳಲಾರದು. ಹೊಸ ಬಣ್ಣ ಕಾಣಲಿಲ್ಲ ಎಂದ ಮಾತ್ರಕ್ಕೆ ಪದರ ಹಳೆಯದೂ ಅಲ್ಲ. ಹಳೆಯ ಪುಡಿಯನ್ನೇ ಇಂದಿಗೂ ಅರೆದು ಹಚ್ಚುವ ಕೈಗಳು ಅಲ್ಲಿವೆ.

ಬಣ್ಣ ಮೋಸ ಮಾಡುವುದೂ ಉಂಟು. ಬೆಳಕಿಗೆ ಇಂಗಳೀಕ ಕಪ್ಪಾಗುತ್ತದೆ. ಸಿಂಧೂರ ಬಿಸಿಲು ತೇವಕ್ಕೆ ಕಂದು, ಕಪ್ಪಿಗೆ ತಿರುಗುತ್ತದೆ. ಕೋಬಾಲ್ಟ್ ಗಾಜನ್ನು ಅರೆದು ಮಾಡಿದ ಸ್ಮಾಲ್ಟ್ ಎಂಬ ನೀಲಿ, ಬಣ್ಣ ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗುತ್ತದೆ. ಇಂದು ಕಪ್ಪಗೆ ಕಾಣುವ ಅಂಚು ಕಟ್ಟಿಸಿದವರ ಕಣ್ಣಿಗೆ ಕೆಂಪಗಿತ್ತೇನೋ, ಮಂಕಾಗಿ ಕಾಣುವ ಮೋಡ ನೀಲಿಯಾಗಿತ್ತೇನೋ. ನಿನ್ನ ವರದಿ ನೋಡಿ ಬಣ್ಣದವರು ಹೊಸದಾಗಿ ಹಚ್ಚುತ್ತಾರೆ. ಇಂದಿನ ಮಂಕನ್ನೇ ಮೂಲ ಎಂದು ನೀನು ಬರೆದರೆ, ಮುಂದಿನ ಐವತ್ತು ವರ್ಷ ಗುಡಿ ಅದೇ ಮಂಕನ್ನು ಹೊತ್ತು ನಿಲ್ಲುತ್ತದೆ. ವಿಶ್ಲೇಷಣೆ ನಿಜವಾಗಿ ದುರಸ್ತಿಯನ್ನು ಬದಲಾಯಿಸುವ ಜಾಗ ಇದು. ಇಲ್ಲಿ ಚೂರು ಖರ್ಚು ಮಾಡಲು ಹಿಂಜರಿಯಬೇಡ.

ಸೊನೆ ಯಾವ ಮರದ್ದು ಎಂಬುದೂ ಚೂರು ಖರ್ಚು ಮಾಡಲು ಯೋಗ್ಯವಾದ ಪ್ರಶ್ನೆಯೇ. ಗಟ್ಟಿಯಾದ ಉರುಷಿ ಕರಗದು ಎಂದೆನಲ್ಲ, ಅದಕ್ಕೆ ಚೂರನ್ನು ಸುಮಾರು 500 ಡಿಗ್ರಿಗೆ ಕಾಯಿಸಿ, ಒಡೆದು ಬಂದ ಅಣುಗಳನ್ನು ಬೇರ್ಪಡಿಸಿ ತೂಗುತ್ತಾರೆ. ಜಪಾನು, ಚೀನಾ, ಕೊರಿಯಾಗಳ ಮರದಲ್ಲಿ ಉರುಷಿಯಾಲ್, ವಿಯೆಟ್ನಾಮಿನ ಮರದಲ್ಲಿ ಲ್ಯಾಕಾಲ್, ಬರ್ಮಾ, ಥಾಯ್ಲೆಂಡಿನ ಮರದಲ್ಲಿ ಥಿಟ್ಸಿಯಾಲ್. ಒಡೆದ ತುಣುಕುಗಳಲ್ಲಿ ಇವು ಬೇರೆ ಬೇರೆಯಾಗಿ ಗುರುತು ಸಿಗುತ್ತವೆ. ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯವರು ಈ ವಿಧಾನವನ್ನು ಬಹಳ ಬೆಳೆಸಿ, ಬೇರೆ ದೇಶದವರಿಗೂ ಕಲಿಸಿದ್ದಾರೆ. 17ನೇ ಶತಮಾನದ ಮೊದಲ ಭಾಗದಲ್ಲಿ ಆಗ್ನೇಯ ಏಷ್ಯಾದ ಸೊನೆ ಜಾಡಿಗಳಲ್ಲಿ ಜಪಾನಿಗೆ ಬರುತ್ತಿತ್ತು ಎಂಬುದು ಕ್ಯೋಟೊದ ಅಗೆತದಲ್ಲಿ ಸಿಕ್ಕ ಜಾಡಿಗಳ ಪರೀಕ್ಷೆಯಿಂದ ತಿಳಿದುಬಂತು. ಎಲ್ಲವೂ ಊರಿನದೇ ಎಂಬ ನಂಬಿಕೆ ಹೀಗೆ ಚೂರೊಂದರಿಂದ ತಿದ್ದುಪಡಿಯಾಗುತ್ತದೆ.

ಈ ಪ್ರಶ್ನೆ ಇಂದಿನ ಕೆಲಸಕ್ಕೂ ತಾಗುತ್ತದೆ. ಜಪಾನಿನಲ್ಲಿ ಬಳಕೆಯಾಗುವ ಉರುಷಿಯಲ್ಲಿ ಹೆಚ್ಚಿನದು ಚೀನಾದಿಂದ ಬರುತ್ತದೆ. ರಾಷ್ಟ್ರೀಯ ನಿಧಿಗಳೆನಿಸಿದ ಕಟ್ಟಡಗಳ ದುರಸ್ತಿಗೆ ಸಾಧ್ಯವಾದಷ್ಟೂ ದೇಶದ ಉರುಷಿಯನ್ನೇ ಬಳಸಬೇಕೆಂದು ಅಲ್ಲಿನ ಸಂಸ್ಕೃತಿ ಇಲಾಖೆ 2015ರಲ್ಲಿ ತಿಳಿಸಿತು. ಜಪಾನಿನಲ್ಲೇ ತೆಗೆಯುವ ಸೊನೆಯ ಬಹುಪಾಲು ಇವಾತೆ ಪ್ರಾಂತದ ಜೋಬೋಜಿ ಸುತ್ತಮುತ್ತಲಿನದು. ಹತ್ತು ಹದಿನೈದು ವರ್ಷ ಬೆಳೆಸಿದ ಮರ ಒಂದು ಬೇಸಿಗೆಯಿಂದ ಶರತ್ಕಾಲದವರೆಗೆ ಕೊಡುವುದು ಸುಮಾರು 200 ಗ್ರಾಂ. ಆಮೇಲೆ ಮರವನ್ನೇ ಕಡಿಯುತ್ತಾರೆ, ಬುಡದಿಂದ ಚಿಗುರಿದ್ದನ್ನು ಮತ್ತೆ ಬೆಳೆಸುತ್ತಾರೆ. ಒಂದು ಕಂಬಕ್ಕೆ ಎಷ್ಟು ಲೇಪ ಬೇಕು ಎಂದು ನಿನ್ನ ಅಡ್ಡಕೊಯ್ತ ಹೇಳುವ ಮಾತಿಗೆ ಅಷ್ಟು ಮರಗಳ ಬೆಲೆ ಇದೆ ಎಂಬುದು ನೆನಪಿರಲಿ.

ಇನ್ನು ಯಾವ ಪದರವನ್ನು ಉಳಿಸಬೇಕು ಎಂಬ ಪ್ರಶ್ನೆ. ಇದಕ್ಕೆ ಯಂತ್ರದಲ್ಲಿ ಉತ್ತರ ಹುಡುಕಬೇಡ. 1964ರ ವೆನಿಸ್ ಸನ್ನದು ಎಲ್ಲ ಕಾಲದವರ ಕೊಡುಗೆಯನ್ನೂ ಗೌರವಿಸಬೇಕೆನ್ನುತ್ತದೆ. 1994ರಲ್ಲಿ ಜಪಾನಿನ ನಾರಾದಲ್ಲೇ ರೂಪುಗೊಂಡ ದಾಖಲೆ, ಯಾವುದು ಅಸಲು ಎಂಬುದನ್ನು ಆಯಾ ಸಂಸ್ಕೃತಿಯ ಒಳಗಿನಿಂದಲೇ ತೂಗಬೇಕೆಂದಿತು. ನಾರಾದ ಕಾಸುಗಾ ತೈಶಾವನ್ನು ನೋಡು. ಸುಮಾರು 20 ವರ್ಷಕ್ಕೊಮ್ಮೆ ಗುಡಿಯನ್ನು ನವೀಕರಿಸುವುದು ಅಲ್ಲಿ ಶತಮಾನಗಳಿಂದ ನಡೆದುಬಂದ ವ್ರತ. 60ನೆಯದು 2016ರಲ್ಲಿ ಮುಗಿಯಿತು. ಹೊಸ ಇಂಗಳೀಕ ಹಚ್ಚುವುದೇ ಅಲ್ಲಿ ಪೂಜೆ. ಆ ಗುಡಿಯ ಮುಂದೆ ನಿಂತು ‘ಹಳೆಯ ಪದರ ಮುಟ್ಟಬೇಡಿ’ ಎನ್ನುವುದು ಅವಿವೇಕ. ಇತ್ತ, 12ನೇ ಶತಮಾನದ ಉರುಷಿ, ಚಿನ್ನ, ಚಿಪ್ಪಿನ ಕೆಲಸ ಹೊತ್ತ ಹಿರಾಯ್‌ಜುಮಿಯ ಚಿನ್ನದ ಮಂಟಪದಲ್ಲಿ ‘ಎಲ್ಲ ಹೊಸತು ಮಾಡೋಣ’ ಎನ್ನುವುದೂ ಅಷ್ಟೇ ಅವಿವೇಕ. ನಮ್ಮ ಕರಾವಳಿಯಲ್ಲೂ ದೈವಗಳ ಮರದ ಮೂರ್ತಿಗೆ ಬಣ್ಣ ಹೊಸತಾಗಿಸುವುದು ಭಕ್ತಿಯ ಕೆಲಸವೇ. ಹಾಗೆ ಹಚ್ಚುವವರನ್ನು ಹಳೆಯದನ್ನು ಹಾಳುಮಾಡುವವರು ಎಂದು ಜರೆಯಬೇಡ. ಹಚ್ಚುವ ಮೊದಲು ಹಳೆಯದನ್ನು ದಾಖಲು ಮಾಡೋಣ, ಒಂದು ಮೂಲೆಯನ್ನು ಹಾಗೇ ಉಳಿಸೋಣ ಎಂದು ಕೇಳಿಕೋ. ಕೇಳುವ ರೀತಿಯಲ್ಲಿ ಕೇಳಿದರೆ ಇಲ್ಲ ಎನ್ನುವವರು ಕಡಿಮೆ.

ಅಲ್ಲಿ ಉರುಷಿ ಹಚ್ಚುವ ಕುಶಲಕರ್ಮಿಗಳ ಬಳಿ ಕೂತು ಕಲಿ. ಮರದ ಕಟ್ಟಡಗಳನ್ನು ಕಾಪಾಡುವ ಜಪಾನಿನ ಕೈಕೌಶಲಗಳು 2020ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಅದರಲ್ಲಿ ಕಟ್ಟಡಕ್ಕೆ ಉರುಷಿ ಹಚ್ಚುವುದೂ ಸೊನೆ ತೆಗೆಯುವುದೂ ಇವೆ. ಪರದೆಯ ಮೇಲೆ ನಿನಗೆ ಒಗಟಾಗಿ ಕಾಣುವ ಪದರವನ್ನು ಅವರು ನೋಡಿದ ಕೂಡಲೇ ಗುರುತಿಸಬಹುದು, ಯಾಕೆಂದರೆ ಆ ಪದರವನ್ನು ಅವರ ಕೈ ಹಚ್ಚುತ್ತದೆ. ದುರಸ್ತಿಯ ಸಮಯದಲ್ಲಿ ಬಣ್ಣದ ವಿನ್ಯಾಸವನ್ನು ಬಣ್ಣದಲ್ಲೇ ಬರೆದಿಡುವ ಪದ್ಧತಿ ನಿಕ್ಕೋದಲ್ಲಿದೆ. ಚೂರಿಗಿಂತ ಮೊದಲು ಆ ಚಿತ್ರಗಳನ್ನು, ಹಳೆಯ ಖರ್ಚಿನ ಕಡತಗಳನ್ನು ತೆರೆಸಿ ನೋಡು. ಅರ್ಧ ಪ್ರಶ್ನೆಗಳು ಅಲ್ಲೇ ಬಗೆಹರಿಯುತ್ತವೆ. ಅದು ಪೂಜೆ ನಡೆಯುವ ಜಾಗ ಎಂಬುದನ್ನೂ ಮರೆಯಬೇಡ. ಅರ್ಚಕರು ಒಳಗೆ ಬೇಡ ಎಂದ ಕಡೆ ಕಾಲಿಡಬೇಡ, ಯಾಕೆ ಎಂದು ವಾದಕ್ಕೂ ನಿಲ್ಲಬೇಡ.

ನಿನ್ನ ಮೈಯನ್ನೂ ನೋಡಿಕೋ. ಗೇರು ಸೊನೆ ತಾಗಿ ಚರ್ಮ ಸುಟ್ಟವರನ್ನು ನೀನು ಊರಲ್ಲಿ ಕಂಡಿದ್ದೀಯ. ಹಸಿ ಉರುಷಿಯೂ ಹಾಗೆಯೇ, ಮೈಯೆಲ್ಲ ದದ್ದು ಎಬ್ಬಿಸುತ್ತದೆ. ಹಳೆಯ ಬಣ್ಣದ ಪುಡಿಯಲ್ಲಿ ಪಾದರಸ, ಸೀಸ, ಕೆಲವೊಮ್ಮೆ ಆರ್ಸೆನಿಕ್ ಇರುತ್ತವೆ. ಕೈಗವಸು, ಮುಖಗವಸು ಇಲ್ಲದೆ ಒಣ ಬಣ್ಣ ಕೆರೆಯಬೇಡ, ಕೈ ತೊಳೆಯದೆ ಊಟಕ್ಕೆ ಕೂರಬೇಡ.

ಕೊನೆಗೆ ಬರವಣಿಗೆ. ‘ಪಾದರಸ, ಗಂಧಕ ಇವೆ’ ಎಂದು ಬರೆದರೆ ಬಣ್ಣದವರಿಗೆ ಉಪಯೋಗವಿಲ್ಲ. ‘ಇಂಗಳೀಕ ಬೆರೆಸಿದ ಉರುಷಿ, ಎರಡು ಲೇಪ, ಕೆಳಗೆ ಬಟ್ಟೆ ಅಂಟಿಸಿ ಮಾಡಿದ ಗಾರೆ’ ಎಂದು ಅವರ ಕೆಲಸಕ್ಕೆ ಆಗುವ ಹಾಗೆ ಬರೆ. ಖಚಿತವಾದದ್ದನ್ನೂ ಊಹೆಯನ್ನೂ ಬೇರೆ ಬೇರೆ ಸಾಲಿನಲ್ಲಿ ಇಡು. ರಾಳದಲ್ಲಿ ಹುದುಗಿಸಿದ ಪ್ರತಿ ಚೂರಿನ ಮೇಲೂ ಯಾವ ಕಂಬ, ಯಾವ ದಿಕ್ಕು, ನೆಲದಿಂದ ಎಷ್ಟು ಎತ್ತರ, ಯಾವ ದಿನ ಎಂದು ಗುರುತು ಹಾಕಿ, ತೆಗೆಯುವ ಮುಂಚಿನ ಮತ್ತು ನಂತರದ ಫೋಟೋ ಜೊತೆಗಿಟ್ಟು, ಪೆಟ್ಟಿಗೆಯಲ್ಲಿ ಜೋಪಾನ ಮಾಡು. ಮುಂದಿನ ದುರಸ್ತಿಗೆ ಬರುವವರ ಬಳಿ ನಮಗಿಂತ ಒಳ್ಳೆಯ ಯಂತ್ರ ಇರುತ್ತದೆ. ನಿನ್ನ ಪೆಟ್ಟಿಗೆ ಭದ್ರವಾಗಿದ್ದರೆ ಅವರು ಕಂಬಕ್ಕೆ ಕೈ ಹಾಕದೆಯೇ ಕೆಲಸ ಶುರು ಮಾಡಬಹುದು.

ಒಳ್ಳೆಯದಾಗಲಿ. ರಜೆಗೆ ಊರಿಗೆ ಬಂದಾಗ ನಿನ್ನ ಮೊದಲ ವರದಿಯನ್ನು ತಗೊಂಡು ಬಾ, ಒಟ್ಟಿಗೆ ಕೂತು ಓದೋಣ.